ಬೀಗರೊಂದಿಗೆ ಡ್ರ್ಯಾಗನ್ ಬೇಟೆ

ಈ ಆಟದಲ್ಲಿ ದಿನಕ್ಕೊಂದು ಅನ್ಯಾಯ ನಡೆಯುತ್ತದೆ. ಎಲ್ಲವನ್ನೂ ಬರೆಯುವಷ್ಟು ತಾಳ್ಮೆ ನನಗಿಲ್ಲ. ಕೆಲವನ್ನು ಬರೆಯುತ್ತೇನೆ.

ಆಟ ಅಂದರೆ ಮೊಬೈಲಿನ ಆಟ. ಮಾಟ, ಮಂತ್ರ, ಕೋಟೆ, ರಾಕ್ಷಸರು ಇರುವ ಒಂದು ಲೋಕ. ನಾವೊಂದು ವೇಷ ಹಾಕಿಕೊಂಡು ಅದರೊಳಗೆ ಹೋಗಬೇಕು. ಬೇರೆ ಬೇರೆ ಊರಿನವರು ಒಂದೇ ಹೊತ್ತಿಗೆ ಅಲ್ಲಿ ಓಡಾಡುತ್ತಿರುತ್ತಾರೆ. ಕಿವಿಗೆ ವೈರು ಹಾಕಿಕೊಂಡರೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತದೆ.

ನಾನು ಆಳಂದದ ಅಡತ ಅಂಗಡಿಯೊಂದರಲ್ಲಿ ರೈತರ ತೊಗರಿ ತೂಗುತ್ತ ಮುದುಕನಾದವನು. ನನಗೆ ಈ ಆಟ ಬೇಕಿರಲಿಲ್ಲ. ಮಗಳು ಒಳಗೆ ತಳ್ಳಿದಳು. ಅವಳನ್ನು ಅಫಜಲಪುರಕ್ಕೆ ಕೊಟ್ಟಿದ್ದೇವೆ. ಅವಳ ಮಾವ, ಅಂದರೆ ನನ್ನ ಬೀಗರು, ಮರ್ಯಾದೆಯಲ್ಲಿ ಎಳ್ಳಷ್ಟು ಕಡಿಮೆಯಾದರೂ ಮುನಿಯುವ ಮನುಷ್ಯ. ನಾನು ಒಂದು ಮಾತನ್ನು ಒಂದೇ ಸಲ ಹೇಳುವವನು. ಹೀಗಾಗಿ ನಮ್ಮಿಬ್ಬರ ನಡುವೆ ಎರಡು ವರ್ಷ ಮಾತಿರಲಿಲ್ಲ. ಸೊರಗಿದ್ದು ನಡುವೆ ಸಿಕ್ಕ ಮಗಳು. ನಾಗರ ಪಂಚಮಿಗೆ ತವರಿಗೆ ಬರಬೇಕೆಂದರೂ ಎರಡು ಮನೆಯವರ ಮುಖ ನೋಡಬೇಕಾಗಿತ್ತು. ಕೊನೆಗೆ ಅವಳೇ ನಮ್ಮಿಬ್ಬರನ್ನೂ ಈ ಆಟದಲ್ಲಿ ಒಂದು ದಳಕ್ಕೆ ಸೇರಿಸಿದಳು. ದಳದಲ್ಲಿ ನಾಲ್ಕು ಜನ. ನಾನು, ಬೀಗರು, ಮಗಳು, ಮತ್ತೆ ಜೇವರ್ಗಿಯ ಒಬ್ಬ ನಿವೃತ್ತ ಮಾಸ್ತರು. ಅವರು ಬೀಗರ ಗೆಳೆಯರು.

"ಅಪ್ಪಾ, ಆಟದಾಗ ಸತ್ರೂ ನಡೀತದ," ಅಂದಳು ಮಗಳು. "ಮಾವನವರ ಜೋಡಿ ಮಾತ್ರ ಕೆಡಿಸ್ಕೋಬ್ಯಾಡ. ಈ ಸಲ ಕೆಟ್ರ ನಾ ಕೂಡಸಂಗಿಲ್ಲ."

ಆಗಲಿ ಅಂದೆ. ಆಮೇಲೆ ಏನೇನು ಅನುಭವಿಸಿದೆ ಅನ್ನುವುದನ್ನು ಹೊಸದಾಗಿ ಆಟಕ್ಕೆ ಬರುವವರು ತಿಳಿದಿರಲಿ.

ಇಲಿ

ಮೊದಲ ದಿನ ನನ್ನನ್ನು ಒಂದು ಹಳ್ಳಿಯಲ್ಲಿ ಇಳಿಸಿದರು. ಅಲ್ಲೊಂದು ಖಾನಾವಳಿ. ಮಾಲೀಕ ಗಡ್ಡದವನು. ನಾನು ಹೊಸಿಲು ದಾಟಿದ್ದೇ ತಡ, "ವೀರನೇ, ನನ್ನ ನೆಲಮಾಳಿಗೆಯಲ್ಲಿ ಇಲಿ ತುಂಬಿವೆ, ಹತ್ತು ಇಲಿ ಕೊಂದು ಬಾ" ಅಂದ.

ಯಾವ ಊರು ಅಂತ ಕೇಳಲಿಲ್ಲ. ಯಾರ ಪೈಕಿ ಅಂತ ಕೇಳಲಿಲ್ಲ. ಒಂದು ತಂಬಿಗೆ ನೀರು ಕೊಡಲಿಲ್ಲ. ಅವನ ಬೆನ್ನ ಹಿಂದೆ ಇಬ್ಬರು ಗಟ್ಟಿಮುಟ್ಟಾದ ಮಕ್ಕಳು ಗೋಡೆಗೆ ಒರಗಿ ನಿಂತಿದ್ದರು. ಅವರ ಕೈಗೆ ಏನಾಗಿತ್ತು?

ನೀರು ಬರಲಿ ಅಂತ ಬಾಗಿಲಲ್ಲೇ ನಿಂತೆ. ಇಪ್ಪತ್ತು ನಿಮಿಷ ನಿಂತೆ. ಬರಲಿಲ್ಲ. ಮಗಳಿಗೆ ಫೋನ್ ಮಾಡಿದೆ.

"ನೀರು ಕೊಡದವರ ಮನಿ ಇಲಿ ನಾ ಹೊಡ್ಯಂಗಿಲ್ಲ."

"ಹೊಡಿಯದಿದ್ರ ಮುಂದಿನ ಊರಿಗೆ ಬಿಡಂಗಿಲ್ಲಪಾ."

ಹೊಡೆದೆ. ಹತ್ತನೆಯದು ಸತ್ತ ಮೇಲೆ ಒಂದು ಹರಕು ಚರ್ಮದ ಟೊಪ್ಪಿಗೆ ಕೊಟ್ಟ. ತಲೆಗೆ ಇಟ್ಟುಕೊಂಡು ಹೊರಗೆ ಬರುವಷ್ಟರಲ್ಲಿ ಮತ್ತೊಬ್ಬ ಹೊಸಬ ಒಳಗೆ ಬಂದ. ಮಾಲೀಕ ಅವನಿಗೂ, "ವೀರನೇ, ನನ್ನ ನೆಲಮಾಳಿಗೆಯಲ್ಲಿ ಇಲಿ ತುಂಬಿವೆ" ಅಂದ. ಅವನ ಹಿಂದೆ ಇನ್ನಿಬ್ಬರು ಬಂದರು. ಅವರಿಗೂ ಅದೇ ಮಾತು.

ಆ ಊರಿಗೆ ಬಂದವರೆಲ್ಲ ಅವನ ಮನೆಯ ಇಲಿ ಹೊಡೆದಿದ್ದಾರೆ. ಇಲಿ ಮಾತ್ರ ಕಡಿಮೆಯಾಗಿಲ್ಲ. ಆ ಮನುಷ್ಯ ಅವನ್ನು ಸಾಕುತ್ತಿದ್ದಾನೆ.

ಅಂಗಡಿ

ಬೀಗರೂ ನಾನೂ ಒಂದು ಗುರಾಣಿ ಕೊಳ್ಳಲು ಆಯುಧದ ಅಂಗಡಿಗೆ ಹೋದೆವು. ಹನ್ನೆರಡು ನಾಣ್ಯ ಅಂತ ಬರೆದಿತ್ತು. ನಾಲ್ಕಕ್ಕೆ ಕೇಳಿದೆ. ಅಂಗಡಿಯವನು ಹ್ಞೂಂ ಅನ್ನಲಿಲ್ಲ, ಹ್ಞೂಂಹೂಂ ಅನ್ನಲಿಲ್ಲ. ಸುಮ್ಮನೆ ನಗುತ್ತ ನಿಂತ.

ಬೀಗರಿಗೆ ಇಂಥವರನ್ನು ಬಗ್ಗಿಸುವುದು ಗೊತ್ತು. "ಬರ್ರಿ ಬೀಗರ, ಹೊಂಡೂಣು," ಅಂದರು. "ಬಾಗಲ ದಾಟೂದ್ರಾಗ ಕರೀತಾನ."

ಬಾಗಿಲು ದಾಟಿದೆವು. ಕರೆಯಲಿಲ್ಲ. ಬಾವಿಯ ತನಕ ಹೋದೆವು. ಕರೆಯಲಿಲ್ಲ.

"ಜೋರ್ ನಡೀಬ್ಯಾಡ್ರಿ," ಅಂದರು ಬೀಗರು. "ಕರಿಯಾಕ ಅವಗೂ ಜರಾ ಟೈಮ್ ಕೊಡ್ರಿ."

ನಿಧಾನಕ್ಕೆ ನಡೆದೆವು. ತಿರುಗಿ ನೋಡಬಾರದು. ನೋಡಿದರೆ ನಮಗೆ ಗರಜು ಅಂತ ತಿಳಿಯುತ್ತಾನೆ. ಹಾಗೇ ಊರ ಅಗಸಿ ಬಾಗಿಲನ್ನೂ ದಾಟಿದೆವು. ಅಗಸಿಯ ಹೊರಗೆ ತೋಳ ಇದ್ದವು. ಕೈಯಲ್ಲಿ ಗುರಾಣಿ ಇರಲಿಲ್ಲ. ಇಬ್ಬರನ್ನೂ ತಿಂದವು.

ಈ ಆಟದಲ್ಲಿ ಸತ್ತವರು ಸ್ಮಶಾನದಲ್ಲಿ ಎದ್ದು ಕೂಡುತ್ತಾರೆ. ಎದ್ದು ಕೂತ ಬೀಗರು ಬಹಳ ಹೊತ್ತು ಅಂಗಡಿಯ ದಿಕ್ಕನ್ನೇ ನೋಡಿದರು.

"ಸತ್ತ ಮ್ಯಾಲರ ಎರಡು ಇಳಿಸಬೇಕಿತ್ತಲ್ರಿ ಅಂವ," ಅಂದರು.

ಮಾಸ್ತರು

ಜೇವರ್ಗಿ ಮಾಸ್ತರು ಶರಣರ ದಾರಿಯಲ್ಲಿ ನಡೆಯುವವರು. ಇರುವೆ ತುಳಿಯದಂತೆ ಕಾಲಿಡುತ್ತಾರೆ. ಈ ಆಟದಲ್ಲಿ ಕೊಲ್ಲದೆ ಮೇಲಕ್ಕೆ ಹೋಗಲಾಗದು ಅಂತ ಎಲ್ಲರೂ ಹೇಳಿದರು. ಅವರು ಕೇಳಲಿಲ್ಲ. ಸೊಪ್ಪು ಕಿತ್ತರೆ ಸಾಸಿವೆಯಷ್ಟು ಅಂಕ ಸಿಗುತ್ತದೆ ಅಂತ ಹೇಗೋ ತಿಳಿದುಕೊಂಡರು. ಕೀಳಲು ಶುರುಮಾಡಿದರು. ಎರಡು ತಿಂಗಳು ಕಿತ್ತರು. ನಾವು ಹೊಡೆದು ಬಡಿದು ಹದಿನೈದನೆಯ ಲೆವೆಲ್ಲಿಗೆ ಬಂದಾಗ ಅವರು ಇಪ್ಪತ್ತರಲ್ಲಿದ್ದರು.

ಅದಕ್ಕೆ ನನ್ನ ತಕರಾರಿಲ್ಲ. ಒಂದು ರವಿವಾರ ಮಧ್ಯಾಹ್ನ ನಾವು ಮೂವರೂ ಒಬ್ಬ ದೈತ್ಯನ ಕೈಗೆ ಸಿಕ್ಕೆವು. ಮಾಸ್ತರು ಹತ್ತು ಹೆಜ್ಜೆ ಆಚೆ ಬಗ್ಗಿ ಸೊಪ್ಪು ಕೀಳುತ್ತಿದ್ದರು. ಅವರು ದೈತ್ಯನ ತಂಟೆಗೆ ಹೋಗಿರಲಿಲ್ಲ, ಅವನೂ ಅವರ ತಂಟೆಗೆ ಹೋಗಲಿಲ್ಲ.

"ಮಾಸ್ತರ, ಬರ್ರಿ," ಅಂತ ಕೂಗಿದೆ.

"ಬಂದೆ. ಇದೊಂದು ಸಿವುಡು ಕಟ್ಟಿ ಬರ್ತೇನಿ."

ನಾನು ಸತ್ತೆ. ಬೀಗರು ಸತ್ತರು. ಮಗಳೂ ಸತ್ತಳು. ಮಾಸ್ತರು ಸಿವುಡು ಕಟ್ಟಿಕೊಂಡು ಬಂದು ಮೂರು ಹೆಣಗಳ ನಡುವೆ ನಿಂತರು.

"ಅದಕ್ಕ ನಾ ಮೊದಲಿಂದ ಹೇಳಾಕತ್ತೇನಿ," ಅಂದರು. "ಹಿಂಸಾ ಬ್ಯಾಡ್ರಿ ಅಂತ."

ಬೆಂಕಿ

ದಳಕ್ಕೆ ಮುಖಂಡಳು ನನ್ನ ಮಗಳು. ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಸರಿಯಬೇಕು ಅಂತ ಹೇಳುವವಳು ಅವಳೇ. ನನಗೆ ಹೇಳುತ್ತಾಳೆ. ಮಾಸ್ತರಿಗೂ ಹೇಳುತ್ತಾಳೆ. ಮಾವನಿಗೆ ಹೇಳುವುದಿಲ್ಲ. ಆ ಮನೆಯಲ್ಲಿ ಸೊಸೆ ಮಾವನಿಗೆ ಅಪ್ಪಣೆ ಕೊಡುವ ಪದ್ಧತಿ ಇಲ್ಲ. ಹೇಳಬೇಕಾದ್ದನ್ನು ಮೂರನೆಯವರ ಮೂಲಕ ಹೇಳಿಸಬೇಕು. ಆಟದಲ್ಲಿ ಆ ಮೂರನೆಯವನು ನಾನು. ಅಂಥ ಮಾತನ್ನು ಅವಳು ನನ್ನೊಬ್ಬನ ಕಿವಿಗೇ ಬೀಳುವಂತೆ ಹೇಳುತ್ತಾಳೆ.

ಒಬ್ಬ ಮಂತ್ರಗಾತಿಯ ಜೊತೆ ಕಾದಾಟ ನಡೆದಿತ್ತು. ಅವಳು ನೆಲಕ್ಕೆ ಬೆಂಕಿ ಹಚ್ಚುತ್ತಾಳೆ.

"ಅಪ್ಪಾ, ಮಾವನವರ ಕಾಲಾಗ ಬೆಂಕಿ ಬಿದ್ದದ. ಜರಾ ಹಿಂದ ಸರೀರಿ ಅಂತ ಹೇಳು."

"ಬೀಗರ," ಅಂದೆ.

"ಹೇಳ್ರಿ."

"ಬೆಂಕಿ."

"ಎಲ್ಲಿ?"

"ಕಾಲಾಗ."

"ಯಾರ ಕಾಲಾಗ್ರಿ?"

ಉತ್ತರ ಹೇಳುವ ಅಗತ್ಯ ಬೀಳಲಿಲ್ಲ. ಬೂದಿಯಾಗಿದ್ದರು.

ಇದರಲ್ಲಿ ಇನ್ನೊಂದು ವಿಷಯ ಇದೆ. ಮಗಳು ಅಫಜಲಪುರದ ಮನೆಯ ಅಡುಗೆಮನೆಯಲ್ಲಿ ಕೂತಿದ್ದಳು. ಬೀಗರು ಅದೇ ಮನೆಯ ಪಡಸಾಲೆಯಲ್ಲಿ ಕೂತಿದ್ದರು. ನಡುವೆ ಒಂದು ಗೋಡೆ. ಆ ಗೋಡೆ ದಾಟಲು ಮಾತು ಆಳಂದಕ್ಕೆ ಬಂದು ಹೋಗಬೇಕಾಗಿತ್ತು.

ಸ್ಮಶಾನದಲ್ಲಿ ಎದ್ದ ಬೀಗರ ದನಿ ಬಿಗಿಯಾಗಿತ್ತು. "ಮನುಷ್ಯಾ ಸುಡಾಕತ್ತಾಗ ನಾಕು ಮಾತು ಜಾಸ್ತಿ ಆಡಿದ್ರ ಏನು ಹೋಗ್ತದ್ರಿ ನಿಮ್ಮ ಗಂಟು?"

ನನ್ನ ಬಾಯಿಗೆ ಒಂದು ಉತ್ತರ ಬಂದಿತ್ತು. ಮಗಳಿಗೆ ಮಾತು ಕೊಟ್ಟಿದ್ದೆ. ತಪ್ಪಾಯಿತು ಅಂದೆ. ತೂಕದಲ್ಲಿ ಒಂದು ಕಾಳು ಹೆಚ್ಚುಕಡಿಮೆ ಮಾಡದವನು, ಸುಟ್ಟುಕೊಂಡವರ ತಪ್ಪಿಗೆ ಕ್ಷಮೆ ಕೇಳಿದೆ.

ಜಾಗ

ಡ್ರ್ಯಾಗನ್ ಇರುವ ಗುಹೆಗೆ ಒಂದು ಸಲಕ್ಕೆ ಒಂದೇ ದಳ ಹೋಗಬೇಕು. ಹೊರಗೆ ಯಾವಾಗಲೂ ನಾಲ್ಕಾರು ದಳ ಕಾಯುತ್ತಿರುತ್ತವೆ. ಪಾಳಿ ಇಲ್ಲ. ಬಾಗಿಲು ತೆರೆದಾಗ ನುಗ್ಗಿದವನೇ ಜಾಣ.

"ನಿಂತು ಸಾಯೂದು ಯಾಕ್ರಿ," ಅಂದರು ಬೀಗರು. ನಲವತ್ತು ದಿನ ದುಡಿದು ಗಳಿಸಿದ ಮಾಯಾ ಶಾಲು ಅವರ ಮೈಮೇಲಿತ್ತು. ಬೆಂಕಿ ತಾಗದ ಶಾಲು. ಅದನ್ನು ತೆಗೆದು ಗುಹೆಯ ಬಾಗಿಲಲ್ಲಿ ಹಾಸಿದರು. ನಮ್ಮ ಕಡೆ ಬಸ್ಸಿನ ಕಿಟಕಿಯೊಳಗೆ ಟವೆಲ್ ಒಗೆದರೆ ಸೀಟು ನಮ್ಮದು. ಕಂಡಕ್ಟರನೂ ಅದನ್ನು ಒಪ್ಪುತ್ತಾನೆ.

"ಇನ್ನ ಯಾರೂ ಮುಟ್ಟಂಗಿಲ್ಲ. ಚಾ ಕುಡಿದು ಬರೂಣು."

ನಾನು ಆಳಂದದಲ್ಲಿ ಕುಡಿದೆ. ಅವರು ಅಫಜಲಪುರದಲ್ಲಿ ಕುಡಿದರು. ಮಾಸ್ತರು ಜೇವರ್ಗಿಯಲ್ಲಿ ಕುಡಿದರು. ಮರಳಿ ಬಂದಾಗ ಶಾಲು ಅಲ್ಲಿರಲಿಲ್ಲ. ಯಾವನೋ ಒಬ್ಬ ಕೊಂಬಿನವನು ಅದನ್ನು ಹೊದ್ದುಕೊಂಡು ಬಾಗಿಲಲ್ಲೇ ನಿಂತಿದ್ದ.

"ತಮ್ಮಾ," ಅಂದರು ಬೀಗರು. "ಅದು ಜಾಗಾ ಹಿಡದದ್ದು."

ಅವನಿಗೆ ಕನ್ನಡ ಬರುತ್ತಿರಲಿಲ್ಲವೋ ಏನೋ. ಉತ್ತರವಾಗಿ ಒಂದು ಸುತ್ತು ಕುಣಿದ. ಶಾಲು ಮಿಂಚಿತು. ಆಮೇಲೆ ಒಳಗೆ ಹೋದ.

ಬೀಗರು ಗುಹೆಯ ಬಾಗಿಲ ತನಕ ಹೋಗಿ ಬಂದರು. ಆಮೇಲೆ ಅಂದರು, "ಬಸ್ಸಿನಾಗ ಟವೆಲ್ ತಗದು ಕೂತವರನ್ನ ನೋಡೇನಿ ಬೀಗರ. ಟವೆಲ್ ಹೊದ್ದುಕೊಂಡು ಕುಣಿದವರನ್ನ ಇವತ್ತೇ ನೋಡಿದ್ದು."

ಕತ್ತಿ

ಮೂರು ತಿಂಗಳು ಕಾದು, ಎಷ್ಟೋ ಸಲ ಸತ್ತು, ಒಂದು ರವಿವಾರ ಡ್ರ್ಯಾಗನ್ನನ್ನು ಕೆಡವಿದೆವು. ಮಾಸ್ತರು ಕಣ್ಣು ಮುಚ್ಚಿಕೊಂಡಿದ್ದೆ ಅಂತ ಆಮೇಲೆ ಹೇಳಿದರು.

ಡ್ರ್ಯಾಗನ್ನಿನ ಹೊಟ್ಟೆಯಿಂದ ಒಂದು ಕತ್ತಿ ಬಿತ್ತು. ನೀಲಿ ಬೆಳಕಿನ ಕತ್ತಿ. ಆ ಲೋಕದಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಮಗಳ ವೇಷಕ್ಕೂ ಮಾಸ್ತರ ವೇಷಕ್ಕೂ ಅದು ಹೊಂದುವುದಿಲ್ಲ. ಹಿಡಿಯಲು ಬರುವುದು ನನಗೆ, ಇಲ್ಲವೇ ಬೀಗರಿಗೆ.

ನಿಯಮ ಹೀಗಿದೆ. ಪರದೆಯ ಮೇಲೆ ಎರಡು ಗುಂಡಿ ಬರುತ್ತವೆ. 'ಬೇಕು' ಒಂದು, 'ಬಿಟ್ಟೆ' ಒಂದು. ಒಂದನ್ನು ಒತ್ತಬೇಕು. ಒತ್ತಿದ ಮೇಲೆ ತಿದ್ದಲು ಬರುವುದಿಲ್ಲ. ಮೂವತ್ತು ಸೆಕೆಂಡು ಸಮಯ.

ನನಗೆ ಆ ಕತ್ತಿ ಬೇಕಾಗಿತ್ತು. ಸುಳ್ಳು ಯಾಕೆ ಹೇಳಲಿ. ಆದರೆ ಬೀಗರ ಮುಂದೆ ಮೊದಲು ಕೈ ಚಾಚಿದರೆ ಮತ್ತೆ ಎರಡು ವರ್ಷ ಮಾತಿಲ್ಲ. 'ಬಿಟ್ಟೆ' ಒತ್ತಿದೆ.

"ಬೀಗರ, ನೀವು ತಗೋರಿ."

"ಛೇ ಛೇ. ಹಿರ್ಯಾರು ನೀವು ಇರಾಗ ನಾ ಹೆಂಗ ತಗೊಳ್ಳಲಿ? ನೀವು ತಗೋರಿ."

"ನಾ ಬಿಟ್ಟೇನ್ರಿ. ತಗೋರಿ."

"ಗಂಡಿನ ಕಡಿಯವರು ಅಂತ ಕೈ ಹಾಕಿದ್ರ ಮಂದಿ ಏನಂದಾರು? ಬ್ಯಾಡ್ರಿ."

"ಅಪ್ಪಾ, ಟೈಮ್ ಓಡಾಕತ್ತದ," ಅಂದಳು ಮಗಳು. ಮೂರು ತಿಂಗಳ ದುಡಿತ ಅವಳದು.

ಮೂರನೆಯ ಸಲ ಹೇಳಿದೆ. ಬದುಕಿನಲ್ಲಿ ಯಾರಿಗೂ ಒಂದು ಮಾತನ್ನು ಮೂರು ಸಲ ಹೇಳಿದವನಲ್ಲ. "ತಗೋರಿ ಬೀಗರ."

"ನಿಮ್ಮ ಮರ್ಯಾದಿ ದೊಡ್ಡದೋ, ಕತ್ತಿ ದೊಡ್ಡದೋ?" ಅಂದರು ಬೀಗರು. ಅಂದು, ತಾವೂ 'ಬಿಟ್ಟೆ' ಒತ್ತಿದರು.

ಕತ್ತಿ ಕರಗಿ ಹೋಯಿತು. ಪರದೆಯ ಮೇಲೆ ಅಕ್ಷರ ಬಂತು: ಯಾರಿಗೂ ಬೇಡವಾದ ವಸ್ತುವನ್ನು ನಾಶಪಡಿಸಲಾಗಿದೆ.

ಯಾರಿಗೂ ಬೇಡ ಅಂತ ಇವರಿಗೆ ಹೇಳಿದವರು ಯಾರು? ಎರಡನೆಯ ಹೋಳಿಗೆ ಬಡಿಸಲು ನಮ್ಮಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಮೂವತ್ತು ಸೆಕೆಂಡಿನಲ್ಲಿ ಉಪಚಾರ ಮುಗಿಸುವವರು ಎಂಥ ಜನ? ಈ ಆಟ ಮಾಡಿದವರು ಯಾರ ಮನೆಯಲ್ಲೂ ಉಂಡಿರಲಿಕ್ಕಿಲ್ಲ.

ಮಗಳು ವೈರು ಕಿತ್ತ ಸದ್ದು ಕೇಳಿಸಿತು.

ನಾಲ್ಕನೆಯ ದಿನ ಬೀಗರ ಫೋನ್ ಬಂತು. ತಾವಾಗಿ ಮಾಡಿದ್ದು. ಮಗಳ ಮದುವೆಯಾದಾಗಿನಿಂದ ಅವರು ತಾವಾಗಿ ಫೋನ್ ಮಾಡಿದ್ದು ಅದೇ ಮೊದಲು.

"ಬೀಗರ, ಸೊಸಿ ಊಟದ ತಾಟು ಇಟ್ಟು ಮಾತಾಡದಂಗ ಹೋಗಾಕತ್ತಾಳ. ನಿಮ್ಮ ಜೋಡಿ ಮಾತಾಡ್ತಾಳೇನು?"

"ಫೋನ್ ಎತ್ತವಲ್ಲಳು."

"ಇಬ್ಬರ ಮ್ಯಾಲೂ ಸಿಟ್ಟಾಗ್ಯಾಳ. ಪಂಚಮಿಗೆ ನಾನ ಕರಕೊಂಡು ಬರ್ತೇನಿ. ನೀವು ನಾನು ಕೂಡೇ ಸಮಾಧಾನ ಮಾಡೂಣು."

"ಬರ್ರಿ," ಅಂದೆ.

ಅವರು ಫೋನ್ ಇಡಲಿಲ್ಲ.

"ಇನ್ನೊಂದು ಮಾತು ಬೀಗರ, ಸಿಟ್ಟಾಗಬ್ಯಾಡ್ರಿ," ಅಂದರು. "ಅವತ್ತ ನೀವು ನಾಕನೇ ಸಲ ಅಂದಿದ್ರ, ನಾ ತಗೋತಿದ್ದೆ."