ಬ್ಯಾಕಪ್ಪನ ಸರದಿ

ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವನಿಗೆ ಹೆತ್ತವರು ಇಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ದಿನದ ಕೆಲಸವನ್ನೆಲ್ಲ ಇನ್ನೊಂದು ಯಂತ್ರಕ್ಕೆ ನಕಲು ಮಾಡಿಡುವ ಬ್ಯಾಕಪ್ಪೇ ಅವನ ಹಣೆಬರಹವಾದ್ದರಿಂದ ಎಲ್ಲರ ಬಾಯಲ್ಲೂ ಬ್ಯಾಕಪ್ಪನಾಗಿದ್ದ.

ಎಲ್ಲ ವಿಭಾಗಗಳ ಬ್ಯಾಕಪ್ಪೂ ಸಂಜೆ ಆರಕ್ಕೇ ಶುರುವಾಗುತ್ತಿದ್ದುದೇ ಅವನ ಗ್ರಹಚಾರ. ಒಂದೇ ಬಾಗಿಲಲ್ಲಿ ಐದು ಮಂಚ ನುಗ್ಗಿಸಿದ ಹಾಗೆ ನೆಟ್‌ವರ್ಕ್ ಕಟ್ಟಿಕೊಳ್ಳುತ್ತಿತ್ತು. ಅದನ್ನು ಬಿಡಿಸಿ ಮನೆ ಸೇರುವಷ್ಟರಲ್ಲಿ ಮಗಳು ಮಲಗಿರುತ್ತಿದ್ದಳು. "ಅಪ್ಪ ಅಂದ್ರೆ ಬೆಳಿಗ್ಗೆ ಮಾತ್ರ ಇರೋರಾ?" ಎಂದು ಅವಳು ಕೇಳಿದ ಮೇಲೆ ಅವನಿಗೆ ನಾಚಿಕೆಯಾಗಿ, ಇವತ್ತು ಜೊತೆಗೇ ಊಟ ಮಾಡುವುದಾಗಿ ಮಾತು ಕೊಟ್ಟಿದ್ದ.

ಕಚೇರಿಗೆ ಬಂದವನೇ ಸರದಿ ಹಾಕಿದ. ಉಗ್ರಾಣದ್ದು ಆರಕ್ಕೆ, ಉಳಿದವರದು ಒಂದೊಂದು ಗಂಟೆ ತಡವಾಗಿ, ಮ್ಯಾನೇಜರದು ಕಟ್ಟಕಡೆಗೆ ಹತ್ತಕ್ಕೆ. ಎಲ್ಲ ತನ್ನಷ್ಟಕ್ಕೆ ನಡೆಯುತ್ತದೆ, ತಾನು ಆರಕ್ಕೇ ಹೊರಡಬಹುದು.

ನೋಟೀಸು ಅಂಟಿಸಿ ಕೂತಿರಲಿಲ್ಲ, ಉಗ್ರಾಣದವರು ಬಂದರು. "ನಮ್ಮನ್ನೇ ಯಾಕಪ್ಪಾ ಮೊದಲು ಹಾಕಿದ್ದೀಯ? ಬ್ಯಾಕಪ್ ಶುರುವಾದ್ರೆ ಕೆಲಸ ಮುಚ್ಚಿಡ್ಬೇಕು. ಇಷ್ಟು ದಿನ ಎಲ್ಲರದೂ ಒಟ್ಟಿಗೇ ನಿಲ್ತಿತ್ತು, ಈಗ ನಮ್ಮದು ಮಾತ್ರ. ಆರಕ್ಕೇ ಎದ್ದು ಹೋದ್ರೆ ಇವರಿಗೆ ಕೆಲಸಾನೇ ಇಲ್ಲ ಅಂದ್ಕೊಳ್ಳಲ್ವಾ ಸಾಹೇಬ್ರು?"

ಆ ಕಚೇರಿಯಲ್ಲಿ ಮ್ಯಾನೇಜರ್ ಏಳುವ ಮುನ್ನ ಯಾರೂ ಏಳುತ್ತಿರಲಿಲ್ಲ. ಕೆಲಸ ಇರಲಿ ಬಿಡಲಿ, ಕುರ್ಚಿ ಬಿಸಿಯಾಗಿರಬೇಕು.

"ಸಾಹೇಬ್ರದ್ದು ಶುರುವಾದಾಗ್ಲೇ ನಮ್ಮದೂ ಶುರುವಾಗ್ಲಿ. ಯಾರಿಗೂ ಹೇಳ್ಬೇಡ ಮತ್ತೆ!"

ಆಮೇಲೆ ಖರೀದಿಯವರು, ಲೆಕ್ಕದವರು. ಕೊನೆಗೆ ಮಾರಾಟ ವಿಭಾಗದ ಅಕ್ಕ, "ನೀನು ನನ್ನ ತಮ್ಮನ ಹಾಗೆ" ಎಂದು ಶುರುಮಾಡಿದಳು. ಎಲ್ಲರದೂ ಅದೇ ಗುಟ್ಟು. ಬ್ಯಾಕಪ್ಪನಿಗೆ ವಾದಿಸುವ ತ್ರಾಣವಿರಲಿಲ್ಲ. ನಾಲ್ಕನ್ನೂ ಮ್ಯಾನೇಜರ ಬ್ಯಾಕಪ್ಪಿನ ಬಾಲಕ್ಕೆ ಕಟ್ಟಿದ. ಅದು ಶುರುವಾದ ಗಳಿಗೆ ಇವೂ ಶುರು. ಹತ್ತಕ್ಕೆ ಕಟ್ಟಿಕೊಂಡರೆ ಕಟ್ಟಿಕೊಳ್ಳಲಿ, ಬೈಯುವುದಕ್ಕೆ ಆಗ ಒಬ್ಬರೂ ಇರುವುದಿಲ್ಲ.

ಆರಕ್ಕೆ ಚೀಲ ಹೆಗಲಿಗೇರಿಸಿದ. ಬಾಗಿಲಲ್ಲಿ ಮ್ಯಾನೇಜರ್ ನಿಂತಿದ್ದರು!

"ಒಂದು ಉಪಕಾರ ಮಾಡಯ್ಯ," ಎಂದು ದನಿ ತಗ್ಗಿಸಿದರು. "ಇವರೆಲ್ಲ ಯಾವಾಗ ಏಳ್ತಾರೋ ಅಂತ ದಿನಾ ಕಾದೂ ಕಾದೂ ಸಾಕಾಗಿದೆ. ಅಷ್ಟೂ ಜನ ಕೂತು ದುಡೀತಿರುವಾಗ ದೊಡ್ಡವನು ನಾನು ಹೇಗೆ ಮೊದಲು ಹೊರಡ್ಲಿ? ಬ್ಯಾಕಪ್ ಶುರುವಾಯ್ತು ಅನ್ನೋ ನೆಪ ಆದ್ರೂ ಸಿಗ್ಲಿ. ನನ್ನದನ್ನ ಈಗ್ಲೇ ಶುರು ಮಾಡ್ಬಿಡು."

ಪಾಪ, ಅವರೂ ಮನುಷ್ಯರೇ ಎನಿಸಿತು. ಗುಂಡಿ ಒತ್ತಿದ. ಮ್ಯಾನೇಜರ್ ಶಿಳ್ಳೆ ಹಾಕುತ್ತ ಮೆಟ್ಟಿಲಿಳಿದು ಹೋದರು.

ಬ್ಯಾಕಪ್ಪನಿಗೆ ಬಾಲದ ನೆನಪಾದದ್ದು ಆಗ. ಅಷ್ಟರಲ್ಲೇ ನಾಲ್ಕೂ ಕೋಣೆಗಳಿಂದ ಕೂಗು ಎದ್ದಿತು. "ಬ್ಯಾಕಪ್ಪಾ! ಎಲ್ಲಾ ನಿಂತ್ಹೋಯ್ತು!"

ಅಳುವೇ ಬಂದಂತಾಗಿ ಹೆಂಡತಿಗೆ ಫೋನು ಮಾಡಿದ. "ಸ್ವಲ್ಪ ತಡವಾಗುತ್ತೆ ಕಣೇ..."

"ಗೊತ್ತಿತ್ತು. ನಿಮ್ಮ ಮಗಳೂ ಊಟಕ್ಕೆ ಸರದಿ ಹಾಕಿದ್ದಾಳೆ. ನಾವಿಬ್ಬರು ಎಂಟಕ್ಕೆ, ಬೆಕ್ಕು ಎಂಟೂವರೆಗೆ. ಅದು ಬಿಟ್ಟಿದ್ರೆ ನೀವು."