ತೊಲೆಯ ಕೆಳಗಿನ ಆರು ಲೆಕ್ಕದ ಪುಸ್ತಕಗಳು

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಾನು ಇತಿಹಾಸವನ್ನು ಉಳಿಸಲು ಏಣಿ ಹತ್ತಿದೆ. ಗಂಟೆ ಇಷ್ಟು ಸರಿಯಾಗಿ ನೆನಪಿರಲು ಕಾರಣ, ಹತ್ತುವ ಮೊದಲು ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದೆ. ಧೂಳು ಕೂತೀತೆಂಬ ಭಯ. ಆ ದಿನ ನಾನು ವಹಿಸಿದ ಮುನ್ನೆಚ್ಚರಿಕೆ ಅದೊಂದೇ. ಓದಿದವರಿಗೆ ಒಂದು ಚಟವಿರುತ್ತದೆ. ಯಾವುದಾದರೂ ವಸ್ತು ತನ್ನ ಪಾಡಿಗೆ ತಾನಿದ್ದರೆ ನಮಗೆ ತಡೆಯದು. ಅದನ್ನು ಇಳಿಸಬೇಕು, ಒರೆಸಬೇಕು, ನಂಬರು ಹಚ್ಚಬೇಕು. ನಾನಂತೂ ಇಪ್ಪತ್ತೆರಡು ವರ್ಷ ಕಾಲೇಜಿನಲ್ಲಿ ಲೆಕ್ಕಪತ್ರ ಪಾಠ ಮಾಡಿದವನು. ಹಳೆಯ ಖಾತೆ ಪುಸ್ತಕ ಕಂಡರೆ ನನಗಾಗುವ ಸಂತೋಷ ಬೇರೆಯವರಿಗೆ ಮದುವೆ ಊಟ ಕಂಡರೂ ಆಗಲಿಕ್ಕಿಲ್ಲ.

ಕೊಟ್ಟೂರಿನ ಅಂಚಿನಲ್ಲಿ, ಹಳೆಯ ಹತ್ತಿ ಪ್ರೆಸ್ಸಿನ ಪಕ್ಕ, ತೊಲೆಗಳ ಮೇಲೆ ಮಣ್ಣು ಹೊದಿಸಿದ, ಎರಡು ಕೋಣೆಯ ಮಾಳಿಗೆ ಮನೆಯೊಂದಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಉಗಿಯಂತ್ರ ಮಾರುವ ಬಿಳಿಯರ ಕಂಪನಿಯೊಂದು ಅಲ್ಲಿ ಶಾಖಾ ಕಚೇರಿ ನಡೆಸಿತ್ತಂತೆ. ಕಂಪನಿ ಹೋಯಿತು, ಯಂತ್ರ ಗುಜರಿ ಸೇರಿತು, ಬಾಯ್ಲರಿಗೆ ಕಟ್ಟಿಗೆ ಹಾಕುತ್ತಿದ್ದವನ ಮನೆಯವರು ಅಲ್ಲೇ ಉಳಿದರು. ಅವನ ಮರಿಮಗನ ಹೆಂಡತಿ ಹನುಮಕ್ಕ ಅಲ್ಲಿ ಜೋಳದ ರೊಟ್ಟಿ ಬಡಿದು ಹಾಸ್ಟೆಲ್ಲುಗಳಿಗೂ ನನ್ನಂಥವರ ಮನೆಗಳಿಗೂ ಕೊಡುತ್ತಾಳೆ. ಗಂಡ ತೀರಿಕೊಂಡ ಮೇಲೆ ಆ ಸೂರು ಮತ್ತು ಆ ಒಲೆ, ಇವೇ ಅವಳ ಬದುಕು.

ಆ ಒಲೆಯ ಮನೆಯ ನಡುಗಂಬಕ್ಕೂ ತೊಲೆಗೂ ಮಧ್ಯೆ ಚರ್ಮದ ರಟ್ಟಿನ ಆರು ದಪ್ಪ ಪುಸ್ತಕ ಕೂತಿದ್ದವು. ರೊಟ್ಟಿಗೆ ಕಾಯುತ್ತ ಒಂದು ದಿನ ತಲೆಯೆತ್ತಿ ನೋಡಿದೆ. ಕಂಪನಿಯ ಹೆಸರು, ಶಾಖೆಯ ಹೆಸರು, ಮಾಸಿದ ಬಂಗಾರದ ಅಕ್ಷರ. ಅವುಗಳ ಮೇಲೆ ದಪ್ಪಗೆ ವಿಭೂತಿ, ಕುಂಕುಮ. ಪ್ರತಿ ಆಯುಧಪೂಜೆಗೂ ಆ ಮನೆಯಲ್ಲಿ ಮೊದಲ ಪೂಜೆ ಆ ಪುಸ್ತಕಗಳಿಗೇ.

"ಅವನ್ನ ಮುಟ್ಟಬ್ಯಾಡ್ರಿ ಸರ," ಎಂದಿದ್ದಳು ಹನುಮಕ್ಕ. "ನಮ್ಮ ಮಾವಾರು ಇಟ್ಟಿದ್ದು. ಮುಟ್ಟಿದ್ರ ಮನಿಗೆ ಒಳ್ಳೇದಲ್ಲ ಅಂತ ಹೇಳಿ ಹೋಗ್ಯಾರ."

ನಾನು ನಕ್ಕೆ. ಮೂಢನಂಬಿಕೆಯ ಬಗ್ಗೆ ಒಂದು ಸಣ್ಣ ಭಾಷಣವನ್ನೂ ಮಾಡಿದೆ. ಜಿಲ್ಲೆಯ ದಾಖಲೆ ಕಚೇರಿಗೆ ಕೊಟ್ಟರೆ ನಿನ್ನ ಹೆಸರೂ ಬರೆದಿಡುತ್ತಾರೆ ಎಂದು ವಾರಗಟ್ಟಲೆ ಪೀಡಿಸಿ ಒಪ್ಪಿಸಿದೆ. ಒಪ್ಪಿದಳು ಎನ್ನುವುದಕ್ಕಿಂತ ಬೇಸತ್ತಳು ಎನ್ನಬೇಕು.

ಪುಸ್ತಕಗಳು ಬಿಗಿಯಾಗಿದ್ದವು. ಯಾಕೆ ಬಿಗಿಯಾಗಿವೆ ಎಂಬ ಪ್ರಶ್ನೆ ನನ್ನ ಎಂ.ಕಾಂ. ತಲೆಗೆ ಹೊಳೆಯಲಿಲ್ಲ. ಸುತ್ತಿಗೆಯಿಂದ ಪಕ್ಕಕ್ಕೆ ತಟ್ಟಿ ತಟ್ಟಿ ಒಂದನ್ನು ಎಳೆದೆ. ಎರಡನೆಯದನ್ನು ಎಳೆದಾಗ ಮೇಲಿಂದ ಹಿಡಿ ಮಣ್ಣು ಉದುರಿ, ಕೆಳಗೆ ರೊಟ್ಟಿ ಬಡಿಯುತ್ತಿದ್ದ ಹನುಮಕ್ಕನ ಹಿಟ್ಟಿನ ಪರಾತಕ್ಕೆ ಬಿತ್ತು.

"ಏನ್ರೀ ಸರ, ಕಣ್ಣು ಕಾಣಂಗಿಲ್ಲೇನು? ಅರವತ್ತು ರೊಟ್ಟಿ ಹಿಟ್ಟು ಮಣ್ಣು ಮಾಡಿದ್ರಲ್ಲ," ಎಂದು ಪರಾತ ಎತ್ತಿಕೊಂಡು ಬೆಳಕಿಗೆ ಹೊರಗೆ ನಡೆದಳು. ಕ್ಷಮೆ ಕೇಳಲು ನಾನೂ ಎರಡು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹಿಂದೆ ಹೋದೆ. ಅವಳ ಬೈಗುಳ ಸಣ್ಣದಾಗಿರಲಿಲ್ಲ. ನನ್ನಿಂದ ಶುರುವಾಗಿ ನನಗೆ ಡಿಗ್ರಿ ಕೊಟ್ಟವರವರೆಗೆ ಹೋಯಿತು. ಅದಿನ್ನೂ ಮುಗಿದಿರಲಿಲ್ಲ, ಹಿಂದೆ ತೊಲೆ ಲಟಕ್ಕೆಂದಿತು. ತಿರುಗಿ ನೋಡುವಷ್ಟರಲ್ಲಿ ಮಾಳಿಗೆ ಇರಲಿಲ್ಲ. ಅವಳು ಕೂತಿದ್ದ ಮಣೆಯ ಮೇಲೆ ಆಳೆತ್ತರ ಮಣ್ಣಿತ್ತು. ಉಳಿದ ನಾಲ್ಕು ಪುಸ್ತಕ ಉರಿಯುವ ಒಲೆಯ ಮೇಲೆ ಬಿದ್ದು ಸುಟ್ಟುಹೋದವು. ಹನುಮಕ್ಕ ಪರಾತ ಹಿಡಿದೇ ನಿಂತಿದ್ದಳು. "ರೊಟ್ಟಿ ಹಂಚು ಒಳಗೈತಿ ಸರ," ಎಂದಳು. ಅಷ್ಟೇ. ಆ ಮೇಲೆ ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಣ್ಣು ಸರಿಸಿದಾಗ ತಿಳಿಯಿತು: ತೊಲೆಯ ತುದಿಯನ್ನು ಗೆದ್ದಲು ತಿಂದಾಗ ಅವಳ ಮಾವ ಕೈಗೆ ಸಿಕ್ಕ ಗಟ್ಟಿ ವಸ್ತುವನ್ನು ಆಸರೆಯಾಗಿ ತುರುಕಿದ್ದ. ಯಾರೂ ತೆಗೆಯದಿರಲಿ ಎಂದು ಕುಂಕುಮ ಹಚ್ಚಿದ್ದ. ಇಂಜಿನಿಯರು ಅವನು, ಮೂಢ ನಾನು.

ಸೂರು ಕಟ್ಟಿಸಿಕೊಡುವ ಖರ್ಚು ನನ್ನದೆಂದು ಮನೆಯಲ್ಲಿ ಹೇಳಿದೆ. ಹೆಂಡತಿ ಶಾಂತಾ ಬೇಡವೆನ್ನಲಿಲ್ಲ. "ಅಟ್ಟದ ಮ್ಯಾಲಿನ ಬೆಲ್ಲದ ಡಬ್ಬಿ ತಗೀರಿ ಅಂದ್ರ ಮಂಡಿನೋವು ಅಂತೀರಿ. ಮಂದಿ ಮನಿ ತೊಲಿ ಕೀಳಾಕ ಮಂಡಿ ಇತ್ತೇನು?" ಎಂದಷ್ಟೇ ಕೇಳಿದಳು. ಹನುಮಕ್ಕನ ಒಲೆ ನಮ್ಮ ಹಿತ್ತಲಿಗೆ ಬಂತು, ಹಾಸಿಗೆ ನಡುಮನೆಗೆ ಬಂತು. ಅವಳು ಮಲಗಿದೊಡನೆ ಗೊರಕೆ ಹೊಡೆಯುತ್ತಿದ್ದಳು. ನಾನು ಫ್ಯಾನ್ ಕಿರ್ರೆಂದರೂ ಎದ್ದು ಕೂತು, ಅವಳು ಹಿಟ್ಟು ಎತ್ತಿಕೊಂಡು ಹೋಗದಿದ್ದರೆ ಎಂದು ಯೋಚಿಸುತ್ತಿದ್ದೆ. ಹಿಡಿ ಮಣ್ಣು ಎರಡು ಗೇಣು ಆಚೆ ಬಿದ್ದಿದ್ದರೆ?

ನಿದ್ದೆ ಬಾರದೆ, ಉಳಿದ ಎರಡು ಪುಸ್ತಕ ಓದಿದೆ. ಪಿಸ್ಟನ್ನು, ಎಣ್ಣೆ, ಎತ್ತಿನ ಬಂಡಿ ಬಾಡಿಗೆ, ಗುಮಾಸ್ತರ ಸಂಬಳ. ಅವುಗಳ ನಡುವೆ ಪ್ರತಿ ವರ್ಷದ ಕೊನೆಗೆ ಒಂದೇ ಸಾಲು: ಕಚೇರಿಯ ತೊಲೆಗೆ ಗೆದ್ದಲು, ದುರಸ್ತಿಗೆ ಹಣ ಬೇಕು. ಪಕ್ಕದಲ್ಲಿ ಪ್ರಧಾನ ಕಚೇರಿಯ ಕೆಂಪು ಶಾಯಿ: ನಾಮಂಜೂರು. ಎಳೆಯುವ ಮೊದಲು ಓದುವ ಉಪಾಯವಿರಲಿಲ್ಲ ಎಂದು ಸಮಾಧಾನ ಹೇಳಿಕೊಂಡೆ. ಹನುಮಕ್ಕ ಬಾಯಿಬಿಟ್ಟು ಹೇಳಿದ್ದಳಲ್ಲ, ಅದಕ್ಕೆ ಸಮಾಧಾನ ಸಿಗಲಿಲ್ಲ.

ಐದು ತಿಂಗಳಿಗೆ ಮನೆ ಎದ್ದಿತು. ಕಬ್ಬಿಣದ ತೊಲೆ ಕೂರಿಸುವ ದಿನ ಹನುಮಕ್ಕ, "ಎರಡರಾಗ ಒಂದು ಪುಸ್ತಕ ಕೊಡ್ರಿ ಸರ. ಕಂಬದ ಮ್ಯಾಲ ಬರೇ ಬರೇ ಕಾಣತೈತಿ," ಎಂದಳು.

ಮನೆ ಕಟ್ಟುತ್ತಿದ್ದ ಗೌಂಡಿ ನಕ್ಕ. "ಕಬ್ಬಿಣಕ್ಕ ಪುಸ್ತಕ ಯಾಕಬೇ? ಸರ, ನೀವರ ಹೇಳ್ರಿ, ಕಲಿತೋರು."

ಎರಡನ್ನೂ ಕೊಡುತ್ತೇನೆಂದು ದಾಖಲೆ ಕಚೇರಿಗೆ ಮಾತು ಕೊಟ್ಟಿದ್ದೆ. ಆದರೂ ಕೆಂಪು ಶಾಯಿಯ ಸಾಲುಗಳಿದ್ದ ಪುಸ್ತಕವನ್ನೇ ತಂದು, ಗೌಂಡಿಯ ಕೈಗೆ ಕೊಟ್ಟು, "ಭದ್ರವಾಗಿ ಕೂರಿಸಪ್ಪ, ಯಾರು ಎಳೆದರೂ ಬರಬಾರದು," ಎಂದೆ. ನೂರು ವರ್ಷಕ್ಕೂ ಮೀರಿ ಬದುಕಿದ್ದ ಆರು ಪುಸ್ತಕಗಳಲ್ಲಿ ನಾನು ಇತಿಹಾಸಕ್ಕೆ ಉಳಿಸಿ ದಾಖಲೆ ಕಚೇರಿಗೆ ಕೊಟ್ಟಿದ್ದು ಕಡೆಗೆ ಒಂದೇ ಒಂದು.

ಅದೇ ವಾರ ಆಯುಧಪೂಜೆ. ಹನುಮಕ್ಕ ಹೊಸ ಕಂಬಕ್ಕೆ ಏಣಿ ಹಾಕಿ, ಪುಸ್ತಕಕ್ಕೆ ಕುಂಕುಮ ಹಚ್ಚಿ, "ನೀವು ಹೊರಗ ನಿಂದರ್ರಿ ಸರ," ಎಂದಳು. ಹೊರಗೆ ನಿಂತೇ ಕೈಮುಗಿದೆ. ಆ ರಾತ್ರಿ ನಿದ್ದೆ ಬಂತು. ಕಣ್ಣು ಬಿಟ್ಟಾಗ ಏಳೂವರೆ. ಶಾಂತಾ ಬೆಲ್ಲದ ಡಬ್ಬಿ ಇಳಿಸಲು ಕೂಗುತ್ತಿದ್ದಳು. ಸ್ಟೂಲು ಹತ್ತಿದೆ. ಡಬ್ಬಿಯ ಮೇಲೆ ಏನಿದೆ, ಕೆಳಗೆ ಏನಿದೆ, ಅದಕ್ಕೆ ಏನು ಆತುಕೊಂಡಿದೆ ಎಂದು ಬಹಳ ಹೊತ್ತು ನೋಡಿ, ಮುಟ್ಟದೆ ಇಳಿದೆ.