ದ್ವೀಪ ತೋರಿಸುವ ಕೆಲಸ

ಬೇರೆಯವರ ಬದುಕಿನಲ್ಲಿ ಹೇಳಿಕೊಂಡು ನಗುವಂಥ ಪ್ರಸಂಗಗಳು ವರ್ಷಕ್ಕೊಂದು ನಡೆದರೆ ಹೆಚ್ಚು. ನನಗೆ ಬೇಸಿಗೆ ಬಂತೆಂದರೆ ವಾರಕ್ಕೊಂದು. ಅದಕ್ಕೆ ಕಾರಣ ನನ್ನ ಕೆಲಸ.

ಎಂಬತ್ತರ ದಶಕದ ಮಾತು. ನಾವಿದ್ದದ್ದು ಅಮೆರಿಕದ ಸ್ಯಾನ್ ಹೊಸೆಯ ಒಂದು ಅಪಾರ್ಟ್‌ಮೆಂಟಿನಲ್ಲಿ. ಯಜಮಾನರು ಕಂಪ್ಯೂಟರಿನ ಚಿಪ್ಪು ತಯಾರಿಸುವ ಕಂಪನಿಯೊಂದರಲ್ಲಿ ಇಂಜಿನಿಯರು. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಆದರೂ ಮಾಡಿದೆ, ಸಂಬಳ ಇರಲಿಲ್ಲ, ಅಷ್ಟೆ.

ಆಗ ಅಲ್ಲಿ ಕನ್ನಡದ ಮನೆಗಳು ಕಡಿಮೆ. ಇದ್ದ ಮನೆಗಳಿಗೆಲ್ಲ ಬೇಸಿಗೆಯಲ್ಲಿ ಊರಿನಿಂದ ಯಾರಾದರೂ ಬರೋರು. ಮಗ, ಸೊಸೆ ಇಬ್ಬರೂ ಆಫೀಸಿಗೆ ಹೋದರೆ ಅವರಿಗೆ ಊರು ತೋರಿಸುವವರು ಯಾರು? ನಮ್ಮ ಮನೆಗೆ ಫೋನು ಬರುತ್ತಿತ್ತು. "ಅಕ್ಕ, ನಿಮ್ಮ ಹತ್ರ ದೊಡ್ಡ ಕಾರಿದೆ, ವಿವರಿಸೋದೂ ಚೆನ್ನಾಗಿ ಬರುತ್ತೆ. ಒಂದಿನ ಸುತ್ತಿಸ್ಕೊಂಡು ಬನ್ನಿ."

ನನ್ನ ಟೂರು ಒಂದೇ ದಿನದ್ದು. ಬೆಳಿಗ್ಗೆ ಸ್ಪೇನಿನ ಪಾದ್ರಿಗಳು ಕಟ್ಟಿಸಿದ ಹಳೇ ಚರ್ಚು, ಆಮೇಲೆ ಗೋಲ್ಡನ್ ಗೇಟ್ ಸೇತುವೆ, ಮಧ್ಯಾಹ್ನ ದೋಣಿ ಹತ್ತಿ ಕೊಲ್ಲಿಯ ನಡುವಿನ ದ್ವೀಪ ಆಲ್ಕಟ್ರಾಜ್. ಒಂದು ಕಾಲಕ್ಕೆ ಅದು ಜೈಲಾಗಿತ್ತು. ಊಟಕ್ಕೆ ಡಬ್ಬಿಯಲ್ಲಿ ಪುಳಿಯೋಗರೆ.

ನಿಜ ಹೇಳಬೇಕೆಂದರೆ ನನಗೆ ಜಾಗ ತೋರಿಸುವ ಆಸೆಗಿಂತ ಇಡೀ ದಿನ ಕನ್ನಡ ಕೇಳುವ ಆಸೆಯೇ ದೊಡ್ಡದಿತ್ತು. ಸಂಜೆ ಅವರನ್ನು ಇಳಿಸಿ ಒಬ್ಬಳೇ ವಾಪಸು ಬರುವಾಗ ಫ್ರೀವೇಯಲ್ಲಿ ರೇಡಿಯೋ ಹಾಕುತ್ತಿರಲಿಲ್ಲ. ಕಿವಿಯಲ್ಲಿ ಉಳಿದ ಮಾತು ಮನೆ ಮುಟ್ಟುವವರೆಗಾದರೂ ಇರಲಿ ಅಂತ.

೧. ಸೇತುವೆಗೆ ಸರ್ಟಿಫಿಕೇಟು

ಮಂಡ್ಯದ ಕಡೆಯ ಹೈಸ್ಕೂಲಿನಲ್ಲಿ ಹೆಡ್ ಮಾಸ್ಟರಾಗಿ ರಿಟೈರಾದ ಮೇಷ್ಟ್ರು, ಜೊತೆಗೆ ಅವರ ಹೆಂಡತಿ. ಮೇಷ್ಟ್ರ ಕೊರಳಲ್ಲಿ ಮಗ ಕೊಡಿಸಿದ ಹೊಸ ಕ್ಯಾಮೆರಾ.

"ನೋಡಮ್ಮ, ರೀಲಲ್ಲಿ ಇರೋದು ಮೂವತ್ತಾರೇ ಫೋಟೋ. ಅದರಲ್ಲಿ ಹನ್ನೆರಡು ಸೇತುವೆಗೇ ಅಂತ ಇಟ್ಟಿದೀನಿ. ಊರಲ್ಲಿ ಎಲ್ಲರಿಗೂ ಮಾತು ಕೊಟ್ಟು ಬಂದಿದೀನಿ" ಅಂದರು.

ಅವತ್ತು ಮಂಜು ಹೇಗಿತ್ತೆಂದರೆ ನಾಲ್ಕು ಮಾರು ಮುಂದೆ ಹೋಗುವ ಮನುಷ್ಯ ಕಾಣುತ್ತಿರಲಿಲ್ಲ. ಕಾರು ನಿಲ್ಲಿಸಿ ನಡೆದೆವು. ಹತ್ತು ನಿಮಿಷ ಆದಮೇಲೆ ಮೇಷ್ಟ್ರು ನಿಂತರು.

"ಅಲ್ಲಮ್ಮಾ, ಸೇತುವೆ ಇನ್ನೂ ಎಷ್ಟು ದೂರ?"

"ನಾವು ಅದರ ಮೇಲೇ ಇದ್ದೀವಿ ಸರ್."

ಮೇಷ್ಟ್ರು ನಂಬಲಿಲ್ಲ. ಕಾಲೆತ್ತಿ ನೆಲಕ್ಕೆ ಎರಡು ಸಲ ಗುದ್ದಿ ನೋಡಿದರು. ಅವರ ಹೆಂಡತಿ ಗಾಬರಿಯಾಗಿ, "ರೀ, ಒದೀಬೇಡಿ. ತುಂಬಾ ಹಳೇದು ಅಂತ ಮಗ ಹೇಳಿದಾನೆ" ಅಂದರು.

ಆಮೇಲೆ ಆಕೆ ಕಂಬಿ ಹಿಡಿದುಕೊಂಡು ನಿಂತರು. "ನಮ್ಮ ಕಡೆ ಧನುರ್ಮಾಸದ ಬೆಳಿಗ್ಗೆ ಹೀಗೇ ಅಲ್ವೇನ್ರೀ? ದೇವಸ್ಥಾನದಿಂದ ಹುಗ್ಗಿ ತಗೊಂಡು ಬರುವಾಗ ಎದುರು ಮನೆ ಕಾಣ್ತಿರಲಿಲ್ಲ" ಅಂತ ಕಣ್ಣು ಮುಚ್ಚಿದರು. ನಾನೂ ಮುಚ್ಚಿದೆ. ದೊನ್ನೆಯಲ್ಲಿನ ಹುಗ್ಗಿಯ ಬಿಸಿ ಅಂಗೈಗೆ ತಾಗಿದ ಹಾಗಾಯಿತು. ಕಣ್ಣು ಬಿಟ್ಟರೆ ಮೇಷ್ಟ್ರು ಹನ್ನೆರಡು ಫೋಟೋ ಮುಗಿಸಿದ್ದರು.

ಮೂರು ತಿಂಗಳಿಗೆ ಅವರಿಂದ ಕಾಗದ ಬಂತು. "ಚಿರಂಜೀವಿ ಸೌಭಾಗ್ಯವತಿಗೆ ಆಶೀರ್ವಾದಗಳು. ಹನ್ನೆರಡು ಫೋಟೋದಲ್ಲೂ ನಮ್ಮ ಮನೆಯವರು, ಅವರ ಹಿಂದೆ ಬರೀ ಬಿಳುಪು. ಇದನ್ನು ಮಂಡ್ಯದ ಸ್ಟುಡಿಯೋದಲ್ಲಿ ಬೆಡ್‌ಶೀಟು ಕಟ್ಟಿ ತೆಗೆಸಿದ್ದು ಅಂತ ಎಲ್ಲರೂ ಹೇಳುತ್ತಿದ್ದಾರೆ. ಆದ್ದರಿಂದ ಸದರಿ ಸೇತುವೆ ಅಲ್ಲಿ ಇದೆ ಎಂದೂ, ನಾವು ಅದರ ಮೇಲೆ ನಿಂತಿದ್ದೆವು ಎಂದೂ ಒಂದು ಸರ್ಟಿಫಿಕೇಟು ಬರೆದು, ಸಹಿ ಮಾಡಿ ಕಳಿಸುವುದು."

ಬರೆದು ಕಳಿಸಿದೆ. ಅದಕ್ಕೆ ಫ್ರೇಮು ಹಾಕಿಸಿದ್ದಾರಂತೆ.

೨. ಪಾದ್ರಿಗಳ ಚಪ್ಪಲಿ

ಹಾಸನದ ಕಡೆಯಿಂದ ಬಂದಿದ್ದ ಗೌಡರು ಪಂಚೆಯ ಮೇಲೆ ಮಗನ ಸ್ವೆಟರು ಹಾಕಿಕೊಂಡು ಹೊರಟರು. ಹಳೇ ಚರ್ಚಿನ ಬಾಗಿಲಿಗೆ ಬಂದವರೇ ಚಪ್ಪಲಿ ಬಿಟ್ಟರು. "ಇಲ್ಲಿ ಬಿಡೋ ಹಾಗಿಲ್ಲ ಗೌಡ್ರೇ, ಹಾಕ್ಕೊಂಡೇ ಹೋಗ್ಬೋದು" ಅಂದೆ. "ಯಾವ ದೇವರಾದ್ರೇನವ್ವ, ದೇವರ ಮನೆ ಅಲ್ವಾ" ಅಂತ ಬರಿಗಾಲಲ್ಲೇ ಒಳಗೆ ನಡೆದರು.

ಒಳಗೆ ನಾನು ಪಾದ್ರಿಗಳ ಕತೆ ಹೇಳುತ್ತಿದ್ದರೆ ಗೌಡರ ಗಮನವೆಲ್ಲ ಗೋಡೆಯ ಮೇಲೆ. ಒಂದು ಕಡೆ ಗಾರೆ ಬಿದ್ದು ಒಳಗಿನ ಮಣ್ಣು ಕಾಣುತ್ತಿತ್ತು. ಬೆರಳಿಂದ ಮುಟ್ಟಿದರು, ಮೂಸಿದರು.

"ಹಸಿ ಇಟ್ಟಿಗೆ ಕಣವ್ವ. ಹುಲ್ಲು ಹಾಕಿ ತುಳಿದವ್ರೆ. ನಾನು ಬಂದು ಒಂದು ತಿಂಗಳಾಯ್ತು, ಮಣ್ಣು ಮುಟ್ಟಿದ್ದು ಇವತ್ತೇ. ಮಗನ ಮನೇಲಿ ಎಲ್ಲಿ ಕಾಲಿಟ್ರೂ ಕಾರ್ಪೆಟ್ಟು."

ಅಲ್ಲಿಂದ ಅವರನ್ನು ಹೊರಡಿಸುವುದೇ ಕಷ್ಟವಾಯಿತು. ಹೊರಗೆ ಬಂದರೆ ಚಪ್ಪಲಿ ಇಲ್ಲ! ಎಲ್ಲಾ ಕಡೆ ಹುಡುಕಿ, ಕೊನೆಗೆ ಪಕ್ಕದ ಪುಟ್ಟ ಮ್ಯೂಸಿಯಮ್ಮಿಗೆ ಹೋದೆವು. ಅಲ್ಲಿ ಬಿಳಿ ಕೂದಲಿನ ಒಬ್ಬ ಹೆಂಗಸು ಗೌಡರ ಚಪ್ಪಲಿಯನ್ನು ಎರಡೂ ಕೈಯಲ್ಲಿ ಹಿಡಿದು ಗಾಜಿನ ಬೀರುವಿನಲ್ಲಿ ಜೋಡಿಸುತ್ತಿದ್ದಳು.

"ಯಾರೋ ಇದನ್ನ ಇಲ್ಲಿಂದ ಎತ್ತಿಕೊಂಡು ಹೋಗಿ ಚರ್ಚಿನ ಬಾಗಿಲಲ್ಲಿ ಬಿಸಾಡಿದ್ದರು. ಇನ್ನೂರು ವರ್ಷದ್ದು ಇರಬೇಕು. ನಮ್ಮ ಪಾದ್ರಿಗಳದ್ದು" ಅಂದಳು. ಅವಳ ಕಣ್ಣಲ್ಲಿ ನೀರೇ ಬರುವ ಹಾಗಿತ್ತು.

ನಾನು ಗೌಡರಿಗೆ ಕನ್ನಡದಲ್ಲಿ ಹೇಳಿದೆ. ಗೌಡರು ಬೀರುವಿನೊಳಗೆ ಬಗ್ಗಿ ನೋಡಿದರು. "ಇನ್ನೂರಲ್ಲ, ಎರಡು ವರ್ಷ ಅನ್ನು. ಎಡಗಾಲಿಂದು ಉಂಗುಷ್ಟ ಕಿತ್ತೋಗಿತ್ತು, ನಾನೇ ಹೊಲ್ದಿವ್ನಿ." ಆಮೇಲೆ ಆ ಹೆಂಗಸಿನ ಮುಖ ನೋಡಿ ಕನಿಕರವಾಯಿತೋ ಏನೋ, "ಆಯಮ್ಮ ಅಷ್ಟು ಆಸೆ ಪಟ್ಟಿದ್ರೆ ಮಡೀಕಳ್ಳಲಿ ಬಿಡು. ಆದ್ರೆ ಈ ಬಿಸಿಲಲ್ಲಿ ನನ್ನ ಕಾರಿನ ತನಕ ಎತ್ಕೊಂಡು ಹೋಗೋರು ಯಾರು, ಅದೊಂದು ಕೇಳು" ಅಂದರು.

೩. ಕಿವಿಯೊಳಗಿನ ಮನುಷ್ಯ

ಆಲ್ಕಟ್ರಾಜಿನಲ್ಲಿ ಆಗ ಹೊಸದಾಗಿ ಕ್ಯಾಸೆಟ್ಟಿನ ಟೂರು ಶುರುವಾಗಿತ್ತು. ಕೊರಳಿಗೆ ಒಂದು ಟೇಪ್ ರೆಕಾರ್ಡರು ನೇತುಹಾಕಿ, ಕಿವಿಗೆ ಹೆಡ್‌ಫೋನು ಸಿಕ್ಕಿಸುತ್ತಿದ್ದರು. ಒಂದು ಕಾಲಕ್ಕೆ ಅಲ್ಲಿ ಕೈದಿಗಳಾಗಿದ್ದವರು, ಕಾವಲಿದ್ದವರೇ ಅದರಲ್ಲಿ ಮಾತಾಡುತ್ತಿದ್ದರು, ಇಂಗ್ಲಿಷಿನಲ್ಲಿ.

ನಾನು ಕರೆದುಕೊಂಡು ಹೋಗಿದ್ದ ಧಾರವಾಡದ ಅಜ್ಜಿಗೆ ಇಂಗ್ಲಿಷಿನ ಗಂಧವಿಲ್ಲ. "ಅಜ್ಜಿ, ಅದು ಬೇಡ, ನಾನೇ ಕನ್ನಡದಲ್ಲಿ ಹೇಳ್ತೀನಿ" ಅಂದೆ. "ಎಲ್ಲಾರೂ ಹಾಕ್ಕೊಂಡಾರ, ನನಗೂ ಬೇಕು" ಅಂತ ಸೆರಗು ಸರಿಸಿ ಕಿವಿ ಕೊಟ್ಟರು.

ಮುಕ್ಕಾಲು ಗಂಟೆ ಅಜ್ಜಿ ನನ್ನನ್ನು ಮಾತಾಡಿಸಲಿಲ್ಲ. ಕಂಬಿಗಳ ಮುಂದೆ ನಿಂತು ತಲೆ ಆಡಿಸುವುದು, "ಅಯ್ಯ ನನ್ನಪ್ಪ" ಅನ್ನುವುದು, ಒಂದು ಕಡೆಯಂತೂ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು. ನಾನೂ ನನ್ನ ಹೆಡ್‌ಫೋನು ಹಾಕಿಕೊಂಡು ಅದೇ ಜಾಗದಲ್ಲಿ ನಿಂತು ಕೇಳಿದೆ. ಹೊಸ ವರ್ಷದ ದಿನ ಗಾಳಿ ಈ ಕಡೆ ಬೀಸಿದರೆ ಆಚೆ ದಡದ ಜನರ ನಗು ನಮಗೆ ಕೇಳಿಸುತ್ತಿತ್ತು ಅಂತ ಒಬ್ಬ ಕೈದಿ ಹೇಳುತ್ತಿದ್ದ.

"ಅಜ್ಜಿ, ನಿಮಗೆ ಅರ್ಥ ಆಯ್ತಾ?" ಅಂತ ಕೇಳಿದೆ.

"ಅಂವ ನಮ್ಮ ಭಾಷಾ ಮಾತಾಡಂಗಿಲ್ಲ, ಖರೆ. ಆದ್ರ ಆ ದನಿ ನನಗ ಗೊತ್ತೈತಿ. ಊರು ನೆನಸಾಕತ್ತಾನ. ನನ್ನ ಮಗ ಐತವಾರ ಇಲ್ಲಿಂದ ಫೋನು ಮಾಡಿದಾಗ ಹಿಂಗ ಮಾತಾಡ್ತಿದ್ದ. ಬಾಯಾಗ 'ಆರಾಮ್ ಅದೀನಿ' ಅಂತಿದ್ದ, ದನಿ ಮಾತ್ರ ಹಿಂಗ."

ನಾನೂ ಊರಿಗೆ ಫೋನು ಮಾಡಿದಾಗ ಮೊದಲು ಹೇಳುತ್ತಿದ್ದದ್ದು ಅದೇ ಮಾತು.

ಹೆಡ್‌ಫೋನು ವಾಪಸು ಕೊಟ್ಟು ದೋಣಿಕಟ್ಟೆಯ ಬೆಂಚಿಗೆ ಬಂದು ಡಬ್ಬಿ ಬಿಚ್ಚಿದೆವು. ಅಜ್ಜಿ ಮಗನ ಮನೆಯಿಂದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದರು. ನನಗೊಂದು ಪ್ಲೇಟು, ಅವರಿಗೊಂದು ಪ್ಲೇಟು. ಮೂರನೇ ಪ್ಲೇಟಿಗೆ ಎರಡು ರೊಟ್ಟಿ ಹಾಕಿ ಪಕ್ಕಕ್ಕಿಟ್ಟರು.

"ಇದು ಯಾರಿಗೆ ಅಜ್ಜಿ?"

"ಆ ಮನಷ್ಯಾನ್ನ ಕರಿಯವ್ವಾ, ಎರಡು ತುತ್ತು ಉಣ್ಲಿ. ಆವಾಗಿಂದ ಒಂದೇ ಸವನ ಮಾತಾಡಿ ಗಂಟಲು ಒಣಗಿರತೈತಿ."

೪. ತಪ್ಪಿಸಿಕೊಂಡವರು

ಇನ್ನೊಂದು ಪ್ರಸಂಗ ನಮ್ಮಪ್ಪನದು. ಅಪ್ಪ ಶ್ರೀರಂಗಪಟ್ಟಣದಲ್ಲಿ ಟೂರಿಸ್ಟ್ ಗೈಡಾಗಿದ್ದವರು. ಕಾವೇರಿ ಎರಡು ಕವಲಾಗಿ ಬಳಸಿಕೊಂಡ ಆ ದ್ವೀಪದಲ್ಲಿ ಮೂವತ್ತು ವರ್ಷ ಕೋಟೆ, ಅರಮನೆ, ನೆಲದಡಿಯ ಸೆರೆಮನೆ ತೋರಿಸಿದರು. ಮೈಸೂರಿನಿಂದ ಟ್ಯಾಕ್ಸಿ ಮಾಡಿಕೊಂಡು ಬರುವ ಫಾರಿನ್ನಿನವರಿಗೆ ಇಡೀ ದಿನ ಅಪ್ಪನೇ ಬೇಕು. ಅವರ ಇಂಗ್ಲಿಷು ಕಲಿತದ್ದಲ್ಲ, ಉರು ಹೊಡೆದದ್ದು. ಚಿಕ್ಕವಳಿದ್ದಾಗ ನಾನು ಅದನ್ನು ಮಗ್ಗಿಯ ಹಾಗೆ ಕೇಳಿಸಿಕೊಂಡು ಬೆಳೆದೆ.

ಏಳು ವರ್ಷ ನಾನು ಊರಿಗೆ ಹೋಗಿರಲಿಲ್ಲ. ಅಮ್ಮ ತೀರಿಕೊಂಡಾಗಲೂ ಹೋಗಲಾಗಲಿಲ್ಲ. ಸುದ್ದಿ ಮುಟ್ಟುವಷ್ಟರಲ್ಲಿ ಎಲ್ಲಾ ಮುಗಿದಿತ್ತು. "ಬಂದು ಮಾಡೋದೇನಿಲ್ಲ, ಗಾಬರಿಯಾಗಬೇಡ" ಅಂತ ಅಪ್ಪ ಎರಡು ಸಾಲು ಬರೆದಿದ್ದರು. ಅದಾದ ಮೇಲೆ ಅವರು ನಮ್ಮಲ್ಲಿಗೆ ಬಂದು ಎರಡು ತಿಂಗಳಿದ್ದರು. ಆ ವಿಷಯ ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಫ್ರೀವೇ ತೋರಿಸಿದೆ, "ಪರವಾಗಿಲ್ಲ" ಅಂದರು. ಗ್ರೋಸರಿ ಅಂಗಡಿ ತೋರಿಸಿದೆ, "ಪರವಾಗಿಲ್ಲ." ನಾನು ಇಲ್ಲಿ ಹೇಗಿದ್ದೀನಿ ಅಂತ ಕೇಳುವ ಧೈರ್ಯ ಮಾಡಲಿಲ್ಲ. ಅದಕ್ಕೂ ಅದೇ ಉತ್ತರ ಬಂದರೆ?

ಅವರು ವಾಪಸು ಹೊರಡುವ ಹಿಂದಿನ ವಾರ ಆಲ್ಕಟ್ರಾಜ್ ದ್ವೀಪಕ್ಕೆ ಕರೆದುಕೊಂಡು ಹೋದೆ. ಎಷ್ಟೋ ಜನಕ್ಕೆ ತೋರಿಸಿದ ಜಾಗ, ಅವತ್ತು ಮಾತ್ರ ಪರೀಕ್ಷೆಗೆ ಹೋದ ಹಾಗಿತ್ತು. ದೋಣಿಯಲ್ಲಿ ಅಪ್ಪ ಅಲ್ಲಿನ ಪಾಂಪ್ಲೆಟ್ಟನ್ನು ಎರಡು ಸಲ ಓದಿ, ಮಡಿಸಿ, ಕೋಟಿನ ಜೇಬಿಗಿಟ್ಟರು. ದ್ವೀಪದಲ್ಲಿ ಇಳಿದ ಮೇಲೆ ನಾನು ವಿವರಿಸಲು ಶುರು ಮಾಡಿದೆ.

"ಬಿಸಿಲು ಗಿರಾಕಿ ಕಣ್ಣಿಗೆ ಬೀಳಬಾರದು, ಅವರ ಬೆನ್ನಿಗೆ ಬೀಳಬೇಕು" ಅಂದರು. ಜಾಗ ಬದಲಾಯಿಸಿದೆ. "ಹಿಂದಿರೋನು ಬರೋವರೆಗೂ ಬಾಯಿ ಬಿಡಬಾರದು" ಅಂದರು. "ಅಪ್ಪಾ, ಇರೋದು ನೀವೊಬ್ಬರೇ" ಅಂದೆ. "ಅಭ್ಯಾಸ ಒಳ್ಳೇದು" ಅಂದರು.

ಜೈಲಿನೊಳಗೆ ಹತ್ತು ಹನ್ನೆರಡು ಜನ ಪಾರ್ಕಿನ ಗೈಡಿಗಾಗಿ ಕಾಯುತ್ತಾ ನಿಂತಿದ್ದರು. ಗೈಡು ಇನ್ನೂ ಬಂದಿರಲಿಲ್ಲ. ಕಾದು ನಿಂತ ಗುಂಪನ್ನು ನೋಡಿ ಅಪ್ಪನಿಗೆ ತಡೆಯಲಾಗಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡರು, ಕೈಯಲ್ಲಿದ್ದ ಕೊಡೆಯನ್ನು ಗೈಡುಗಳ ಹಾಗೆ ಮೇಲೆತ್ತಿದರು.

"ಲೇಡೀಸ್ ಅಂಡ್ ಜಂಟಲ್‌ಮೆನ್! ಕೈಂಡ್ಲಿ ಕಮ್ ದಿಸ್ ಸೈಡ್. ಮೈಂಡ್ ಯುವರ್ ಹೆಡ್."

ತಲೆಗೆ ತಗುಲುವಂಥದ್ದು ಅಲ್ಲೇನೂ ಇರಲಿಲ್ಲ. ಆದರೂ ಹನ್ನೆರಡು ಜನ ಅಮೆರಿಕನ್ನರು ತಲೆ ಬಗ್ಗಿಸಿಕೊಂಡು ಬಂದರು.

ಮೊದಲ ಐದು ನಿಮಿಷ ಪಾಂಪ್ಲೆಟ್ಟಿನಲ್ಲಿದ್ದದ್ದನ್ನು ಒಂದಕ್ಷರ ತಪ್ಪದೆ ಹೇಳಿದರು. ಆಮೇಲೆ ನಾಲಿಗೆ ತನ್ನ ಹಳೇ ದಾರಿ ಹಿಡಿಯಿತು. ಇಲ್ಲೇ ಸುಲ್ತಾನನು ಬ್ರಿಟಿಷ್ ಅಧಿಕಾರಿಗಳನ್ನು ಸರಪಳಿಯಲ್ಲಿ ಕಟ್ಟಿದ್ದು, ಕಾವೇರಿ ಏರಿದರೆ ನೀರು ಅವರ ಕತ್ತಿನ ತನಕ ಬರುತ್ತಿದ್ದದ್ದು. ಒಬ್ಬ ಹೆಂಗಸು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಕಾವೇರಿಯ ಸ್ಪೆಲಿಂಗು ಕೇಳಿದಳು, ಅಪ್ಪ ಹೇಳಿದರು.

ನಾನು ಹಿಂದಿನಿಂದ ಕೋಟು ಜಗ್ಗಿ, "ಅಪ್ಪಾ, ಇದು ಶ್ರೀರಂಗಪಟ್ಟಣ ಅಲ್ಲ" ಅಂತ ಪಿಸುಗುಟ್ಟಿದೆ.

ಅಪ್ಪ ನನ್ನ ಕಡೆ ತಿರುಗಿ, ಗುರುತೇ ಇಲ್ಲದವರ ಹಾಗೆ, "ಕ್ವೆಶ್ಚನ್ಸ್ ಅಟ್ ದಿ ಎಂಡ್, ಮೇಡಂ" ಅಂದರು.

ಅಷ್ಟರಲ್ಲಿ ಅಗಲ ಟೋಪಿಯ ಪಾರ್ಕಿನ ಗೈಡು ಬಂದು ಗುಂಪಿನ ಹಿಂದೆ ನಿಂತ. ಅವನು ತಡೆಯಲಿಲ್ಲ, ಕೈಕಟ್ಟಿಕೊಂಡು ಕೊನೆಯವರೆಗೂ ಕೇಳಿದ. ಅಪ್ಪ ಮುಗಿಸಿ ನಮಸ್ಕಾರ ಮಾಡಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಅವನೇ. ನಾನು ಓಡಿ ಹೋಗಿ ಕ್ಷಮೆ ಕೇಳಿದೆ. ನಮ್ಮ ತಂದೆ ಕೂಡ ಗೈಡು, ನಮ್ಮೂರೂ ದ್ವೀಪ, ಅಲ್ಲೂ ಒಂದು ಜೈಲಿದೆ, ಅಭ್ಯಾಸಬಲದಿಂದ ಹೀಗಾಯಿತು ಅಂತೆಲ್ಲ ವಿವರಿಸಿದೆ.

ಅವನು ಬಂದು ಅಪ್ಪನ ಕೈ ಕುಲುಕಿದ. "ಈ ದ್ವೀಪದಿಂದ ತಪ್ಪಿಸಿಕೊಂಡು ದಡ ಸೇರಿದವರು ಯಾರೂ ಇಲ್ಲ ಅಂತ ನಾವು ಹೇಳ್ತೀವಿ. ನಿಮ್ಮ ದ್ವೀಪದಿಂದ ಯಾರಾದರೂ ತಪ್ಪಿಸಿಕೊಂಡಿದ್ದಾರಾ?" ಅಂತ ಕೇಳಿದ.

ಗಿರಾಕಿಗೆ ತಪ್ಪು ಮಾಹಿತಿ ಕೊಟ್ಟವರಲ್ಲ ಅಪ್ಪ.

"ಓನ್ಲಿ ಒನ್, ಸರ್" ಅಂದರು. ಕೊಡೆಯ ತುದಿಯನ್ನು ನಿಧಾನವಾಗಿ ನನ್ನ ಕಡೆ ತಿರುಗಿಸಿದರು. "ದಿಸ್ ಒನ್."

ಗುಂಪೆಲ್ಲ ಗೊಳ್ಳೆಂದಿತು. ಟೋಪಿಯವನು ಕಣ್ಣೊರೆಸಿಕೊಂಡು ನಕ್ಕ. ನಾನೂ ನಕ್ಕೆ, ಅಪ್ಪನ ಕೋಟಿನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು. ಅಪ್ಪ ಮಾತ್ರ ನಗಲಿಲ್ಲ. ಎಲ್ಲರ ನಗು ನಿಲ್ಲುವವರೆಗೂ ಕಾದು, ಅದೇ ಗೈಡಿನ ದನಿಯಲ್ಲಿ ಮಾತು ಮುಗಿಸಿದರು.

"ವೀ ಆರ್ ಸ್ಟಿಲ್ ಸರ್ಚಿಂಗ್, ಸರ್."